ಪಾದದ ಶಾಸ್ತ್ರ ಬೆನ್ನಿಗೆ

ಸೊಂಟ ಹಿಡಿದವರಿಗೆಲ್ಲ ನಾವು ಹೇಳುವ ಮಂತ್ರ ಒಂದೇ: ಮೊದಲೆರಡು ದಿನ ಐಸ್, ಆಮೇಲೆ ಶಾಖ. ಫಿಸಿಯೋಥೆರಪಿಯವರ ಚೀಟಿಯಲ್ಲೂ ಇದೇ, ಜಿಮ್ಮಿನ ಹುಡುಗನ ಬಾಯಲ್ಲೂ ಇದೇ. ಹೋದ ವರ್ಷ ಗ್ಯಾಸ್ ಸಿಲಿಂಡರ್ ಸರಿಸಲು ಬಗ್ಗಿದವನು ಬಗ್ಗಿದ ಹಾಗೇ ಉಳಿದಾಗ ನಾನೂ ಭಕ್ತಿಯಿಂದ ಪಾಲಿಸಿದೆ. ಐಸ್ ಇಟ್ಟಷ್ಟೂ ಬೆನ್ನು ಸೆಟೆದುಕೊಂಡಿತು. ನನ್ನೊಬ್ಬನ ಬೆನ್ನು ಪುರಾವೆಯಲ್ಲ, ನಿಜ. ಆದರೆ ಪುರಾವೆ ಹುಡುಕಿ ಹೊರಟರೆ ಮಂತ್ರ ಇನ್ನಷ್ಟು ಟೊಳ್ಳಾಗಿ ಕಾಣುತ್ತದೆ.

ಅದು ಹುಟ್ಟಿದ್ದು ಆಟದ ಮೈದಾನದಲ್ಲಿ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಕ್ರೀಡಾಪಟುಗಳ ಗಾಯಕ್ಕೆಂದು ‘ರೈಸ್’ ಸೂತ್ರ ಕೊಟ್ಟರು: ವಿಶ್ರಾಂತಿ, ಐಸ್, ಬಿಗಿಕಟ್ಟು, ಎತ್ತರದಲ್ಲಿಡುವುದು. ಉಳುಕಿದ ಪಾದಕ್ಕೆ ಅದು ಒಪ್ಪೀತು. ಅಲ್ಲಿ ಚರ್ಮದ ಕೆಳಗೇ ಕೀಲು, ಬಾವು ಕಣ್ಣಿಗೇ ಕಾಣುತ್ತದೆ. ಬೆನ್ನಿನ ಸಂಗತಿಯೇ ಬೇರೆ. ಮೇಲಿಟ್ಟ ಬಿಸಿಯಾಗಲಿ ತಂಪಾಗಲಿ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸೋತುಹೋಗುತ್ತದೆ. ಡಿಸ್ಕ್ ಇರುವುದು ಅದಕ್ಕಿಂತ ಎಷ್ಟೋ ಆಳದಲ್ಲಿ. ಸಾಲದ್ದಕ್ಕೆ, ಐಸು ಮತ್ತು ಪೂರ್ಣ ವಿಶ್ರಾಂತಿ ಎರಡೂ ಗಾಯ ಮಾಯುವುದನ್ನು ತಡಮಾಡಬಹುದೆಂದು ಮಿರ್ಕಿನ್ ತಾವೇ 2014ರಲ್ಲಿ ಬರೆದರು. ಸೂತ್ರ ಕೊಟ್ಟವರು ಹಿಂದೆ ಸರಿದರು, ನಮ್ಮ ಚೀಟಿಗಳು ಸರಿಯಲಿಲ್ಲ.

2006ರ ಕಾಕ್ರೇನ್ ವಿಮರ್ಶೆ 9 ಪ್ರಯೋಗಗಳನ್ನು, 1117 ಜನರ ಅನುಭವವನ್ನು ಜಾಲಾಡಿತು. ಹೊಸ ಬೆನ್ನುನೋವಿಗೆ ಶಾಖದಿಂದ ಸಣ್ಣ, ಅಲ್ಪಕಾಲದ ಆರಾಮ ಸಿಗುತ್ತದೆ ಎಂಬುದಕ್ಕೆ ಮಧ್ಯಮ ದರ್ಜೆಯ ಆಧಾರ ಸಿಕ್ಕಿತು. ತಂಪಿನ ಪರವಾಗಿ ಏನನ್ನಾದರೂ ಹೇಳುವಷ್ಟು ಸರಕೇ ಸಿಗಲಿಲ್ಲ. ಆಧಾರವಿಲ್ಲ ಎಂದರೆ ನಿರುಪಯೋಗಿ ಎಂದಲ್ಲ, ಆ ತಪ್ಪು ನಾನು ಮಾಡಲಾರೆ. ನನ್ನ ವಾದಕ್ಕೆ ಅಡ್ಡ ಬರುವ ಪ್ರಯೋಗವೂ ಒಂದಿದೆ: 2010ರಲ್ಲಿ ತುರ್ತು ಚಿಕಿತ್ಸೆಗೆ ಬಂದ 60 ಜನರಿಗೆ ಐಬುಪ್ರೊಫೆನ್ ಜೊತೆ ಅರ್ಧ ಗಂಟೆ ಬಿಸಿ ಅಥವಾ ತಂಪು ಕೊಟ್ಟಾಗ ಎರಡರ ಫಲವೂ ಹೆಚ್ಚುಕಡಿಮೆ ಸಮವಾಗಿತ್ತು. ಸರಿ, ಸಮವೇ ಇರಲಿ. ಹಾಗಾದರೆ ‘ಮೊದಲು ಇದು, ಆಮೇಲೆ ಅದು’ ಎಂಬ ಪಂಚಾಂಗ ಯಾಕೆ? ಯಾವುದು ಹಿತವೋ ನೋಯುವವನೇ ಹೇಳಲಿ.

ಇಷ್ಟಕ್ಕೇ ಅಜ್ಜಿಯ ಪಕ್ಷದವರು ಗೆದ್ದೆವೆಂದು ಬೀಗಬೇಕಿಲ್ಲ. ಹುರಿದ ಕಲ್ಲುಪ್ಪಿನ ಗಂಟು, ಬಿಸಿ ಮಾಡಿದ ಎಕ್ಕದೆಲೆ, ಹಂಡೆಯ ನೀರು ಎಲ್ಲದರ ಹಿತ ನನಗೂ ಗೊತ್ತು. ಆದರೆ ಅವು ‘ವಾಯು’ ಎಳೆಯುತ್ತವೆ, ಒಳಗಿನ ಗಂಟು ಕರಗಿಸುತ್ತವೆ ಎಂಬ ವಿವರಣೆಯನ್ನು ಒಪ್ಪಲಾರೆ. ಆಸ್ಟ್ರಿಯಾದಲ್ಲಿ ಬೆನ್ನುನೋವಿನವರನ್ನು ಆಂಬ್ಯುಲೆನ್ಸ್‌ನಲ್ಲೇ ವಿದ್ಯುತ್ ಕಂಬಳಿ ಹೊದಿಸಿ ಕರೆದೊಯ್ದು ನೋಡಿದರು (2004ರಲ್ಲಿ ಪ್ರಕಟವಾದ ಅಧ್ಯಯನ). ಆಸ್ಪತ್ರೆ ತಲುಪುವಷ್ಟರಲ್ಲಿ ನೋವೂ ಇಳಿದಿತ್ತು, ಆತಂಕವೂ ಇಳಿದಿತ್ತು. ಅಷ್ಟು ಹೊತ್ತಿನಲ್ಲಿ ಯಾವ ಗಂಟು ಕರಗೀತು? ನನ್ನ ಓದಿನಲ್ಲಿ, ಶಾಖ ಮಾತಾಡಿಸುವುದು ನರವನ್ನು. ಹೆದರಿ ಬಿಗಿಹಿಡಿದ ಸ್ನಾಯುವಿಗೆ ಅದು ಬಿಡುವಿನ ಅಪ್ಪಣೆ ಕೊಡುತ್ತದೆ. ದಿನವಿಡೀ ಹಾಟ್ ವಾಟರ್ ಬ್ಯಾಗಿಗೆ ಅಂಟಿಕೊಂಡರೆ ಉಳಿಯುವುದು ಚರ್ಮದ ಮೇಲೆ ಬಲೆಯಂಥ ಕಂದು ಕಲೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದವರಿಗಂತೂ ಸುಟ್ಟದ್ದೂ ತಿಳಿಯದು.

ಐಸಿನವರೂ ಶಾಖದವರೂ ಸೇರಿ ಮರೆತದ್ದು ಆ ಬಿಡುವಿನ ಆಮೇಲಿನ ಹೊತ್ತನ್ನು. ನೋವು ತಗ್ಗಿದ ಆ ಅರ್ಧ ಗಂಟೆಯಲ್ಲಿ ಎದ್ದು ಓಡಾಡಿದರೆ ಶಾಖ ಸಾರ್ಥಕ, ಮತ್ತೆ ಹೊದ್ದು ಮಲಗಿದರೆ ಅದು ಬರೀ ಬೆಚ್ಚನೆಯ ಸುಖ. ನನಗೆ ಕೊಟ್ಟ ಚೀಟಿಯಲ್ಲಿ ಐಸು, ಶಾಖಗಳಿಗೆ ಚಿತ್ರಸಮೇತ ಮುಕ್ಕಾಲು ಪುಟ. ‘ಮಲಗಿಯೇ ಇರಬೇಡಿ’ ಎಂಬುದು ತೀರಾ ಕೆಳಗೆ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು.