ತಪ್ಪನ್ನು ತೋರಿಸುವುದೂ ಹೆಸರನ್ನು ಕೆಡಿಸುವುದೂ: ನ್ಯೂಮನ್ನರ ಎರಡು ಕೃತಿಗಳ ವಿಮರ್ಶೆ

ಒಬ್ಬರ ಮಾತು ತಪ್ಪೆಂದು ತೋರಿಸುವುದು ಒಂದು ಕಾರ್ಯ. ಅವರ ಮಾತಿಗೆ ಇನ್ನು ಕಿವಿಗೊಡಬೇಕಾಗಿಲ್ಲವೆಂದು ಜನರನ್ನು ಒಪ್ಪಿಸುವುದು ಬೇರೊಂದು ಕಾರ್ಯ. ಮೊದಲನೆಯದಕ್ಕೆ ಆಧಾರ ಬೇಕು; ಎರಡನೆಯದಕ್ಕೆ ಅನುಮಾನವೇ ಸಾಕು. ಸಾರ್ವಜನಿಕ ಜೀವನದಲ್ಲಿ ವ್ಯಕ್ತಿಗಳೂ ಸಂಸ್ಥೆಗಳೂ ವಿಚಾರಗಳೂ ಎಷ್ಟೋ ವೇಳೆ ಈ ಎರಡನೆಯ ದಾರಿಯಲ್ಲಿಯೇ ಹೆಸರು ಕಳೆದುಕೊಳ್ಳುತ್ತವೆ. ಈ ವಿದ್ಯಮಾನವನ್ನು ದೇವಶಾಸ್ತ್ರದ ವಿದ್ಯಾರ್ಥಿಯು ಅಭ್ಯಾಸ ಮಾಡಲು ಜಾನ್ ಹೆನ್ರಿ ನ್ಯೂಮನ್ನರ (1801–1890) ಎರಡು ಕೃತಿಗಳು ಬಹಳ ಉಪಯುಕ್ತವಾಗಿವೆ. ಒಂದು, ಇಂಗ್ಲೆಂಡಿನ ಕಥೋಲಿಕರ ಅಂದಿನ ಸ್ಥಿತಿಯನ್ನು ಕುರಿತು ಅವರು 1851ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊಟ್ಟ ಒಂಬತ್ತು ಉಪನ್ಯಾಸಗಳು. ಇನ್ನೊಂದು, 1864ರ ‘ಅಪೊಲೊಜಿಯ ಪ್ರೊ ವೀಟ ಸುವ’. ಎರಡನೆಯದನ್ನು ಆತ್ಮಕಥೆಯೆಂದು ಪ್ರತ್ಯೇಕವಾಗಿ ಓದುವ ರೂಢಿಯಿದೆ. ಆದರೆ ಎರಡನ್ನೂ ಜೊತೆಯಾಗಿ ಓದಿದಾಗ, ಅಪಖ್ಯಾತಿಯ ಬಗೆಯನ್ನು ಚೆನ್ನಾಗಿ ಬಲ್ಲವನು ಸಹ ಅದರ ಸೆಳೆತಕ್ಕೆ ಹೊರಗಾದವನಲ್ಲ ಎಂಬ ಸತ್ಯವು ಕಾಣುತ್ತದೆ.

1850ರಲ್ಲಿ ರೋಮ್ ಇಂಗ್ಲೆಂಡಿನಲ್ಲಿ ಕಥೋಲಿಕ ಬಿಷಪರ ಶ್ರೇಣಿಯನ್ನು ಪುನಃ ಸ್ಥಾಪಿಸಿದಾಗ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಮರುವರ್ಷದ ಉಪನ್ಯಾಸಗಳಲ್ಲಿ ನ್ಯೂಮನ್ನರು ತಮ್ಮ ಸಭೆಯ ಬೋಧನೆಯನ್ನು ಸಮರ್ಥಿಸುವುದಕ್ಕಿಂತ, ಅದರ ಬಗ್ಗೆ ಜನರು ಹೊಂದಿದ್ದ ಅಭಿಪ್ರಾಯವು ಹೇಗೆ ಹುಟ್ಟಿತು, ಹೇಗೆ ಉಳಿಯಿತು ಎಂಬುದನ್ನು ಪರೀಕ್ಷಿಸಿದರು. ಮೊದಲ ಉಪನ್ಯಾಸದಲ್ಲಿ ಮಾಸ್ಕೋದ ಸಭೆಯೊಂದನ್ನು ಅವರು ಕಲ್ಪಿಸುತ್ತಾರೆ. ರಷ್ಯದ ವಾಗ್ಮಿಯೊಬ್ಬನು ಬ್ಲ್ಯಾಕ್‌ಸ್ಟನ್ನನ ಕಾನೂನು ಗ್ರಂಥದಿಂದ ವಾಕ್ಯಗಳನ್ನು ಆರಿಸಿ, ಆಂಗ್ಲರು ತಮ್ಮ ರಾಣಿಯನ್ನು ದೇವರೆಂದೇ ಪೂಜಿಸುತ್ತಾರೆಂದು ಸಾಧಿಸಿಬಿಡುತ್ತಾನೆ. ವಾಕ್ಯಗಳು ನಿಜವಾದವು, ಗ್ರಂಥವೂ ಪ್ರಮಾಣವೇ. ಸುಳ್ಳಾದದ್ದು ತೀರ್ಮಾನ ಮಾತ್ರ. ಮುಂದೆ ಅವರು ಇಬ್ಬರು ಸಾಕ್ಷಿಗಳನ್ನು ಹೋಲಿಸುತ್ತಾರೆ. ರೋಮನ್ ಸಭೆಯನ್ನು ಬಿಟ್ಟು ಬಂದ ಸ್ಪೇನಿನ ಪಾದ್ರಿ ಬ್ಲಾಂಕೊ ವೈಟ್ ತಾನು ಕಂಡದ್ದನ್ನಷ್ಟೇ ಬರೆದನು. ಅವನ ಪುಸ್ತಕವು ಜನರ ನೆನಪಿನಲ್ಲಿ ನಿಲ್ಲಲಿಲ್ಲ. ಮೊಂಟ್ರಿಯಲ್‌ನ ಕನ್ಯಾಮಠದ ಬಗ್ಗೆ ಮರಿಯಾ ಮಾಂಕ್ ಹೆಸರಿನಲ್ಲಿ 1836ರಲ್ಲಿ ಬಂದ ಘೋರಕಥೆಯಾದರೋ ಕಟ್ಟುಕಥೆಯೆಂದು ಬಯಲಾದ ಮೇಲೂ ಮಾರಾಟವಾಗುತ್ತಲೇ ಇತ್ತು. ಪೂರ್ವಾಗ್ರಹಕ್ಕೆ ಬೇಕಾದದ್ದು ಸಾಕ್ಷ್ಯವಲ್ಲ, ತಾನು ಈಗಾಗಲೇ ನಂಬಿದ್ದಕ್ಕೆ ಉಣಿಸು ಎಂಬುದು ಈ ಹೋಲಿಕೆಯ ಸಾರ. ಈ ವಿಶ್ಲೇಷಣೆ ಇಂದಿಗೂ ಹಳತಾಗಿಲ್ಲ.

ಆದರೆ ಇದೇ ಉಪನ್ಯಾಸಮಾಲೆಯಲ್ಲಿ ನ್ಯೂಮನ್ನರು ಜಿಯಾಸಿಂತೊ ಅಕಿಲ್ಲಿ ಎಂಬ ಮಾಜಿ ಡೊಮಿನಿಕನ್ ಸನ್ಯಾಸಿಯನ್ನು ಹೆಸರಿಸಿ, ಸ್ಥಳಗಳನ್ನೂ ಕೃತ್ಯಗಳನ್ನೂ ಎತ್ತಿ, ಅವನ ಮೇಲೆ ವ್ಯಭಿಚಾರದ ಆರೋಪಗಳನ್ನು ಹೊರಿಸಿದರು. ರೋಮನ್ ಸಭೆಯ ವಿರುದ್ಧ ಇಂಗ್ಲೆಂಡಿನಲ್ಲಿ ಸಾಕ್ಷಿ ಹೇಳುತ್ತ ತಿರುಗುತ್ತಿದ್ದವನು ಅವನು. ಆದುದರಿಂದ ಅವನ ನಂಬಿಕೆಯೋಗ್ಯತೆಯನ್ನು ಪ್ರಶ್ನಿಸಿದ್ದು ಅಪ್ರಸ್ತುತವಾಗಿರಲಿಲ್ಲ. ಆದರೆ ಆರೋಪಗಳನ್ನು ನ್ಯೂಮನ್ನರು ಕಾರ್ಡಿನಲ್ ವೈಸ್‌ಮನ್ನರು ಹಿಂದೆ ಪ್ರಕಟಿಸಿದ್ದ ಲೇಖನವನ್ನು ನಂಬಿ ಹೇಳಿದ್ದರು. ಮೂಲ ದಾಖಲೆಗಳು ತಮ್ಮ ಕೈಯಲ್ಲಿರಲಿಲ್ಲ. ಮಾನನಷ್ಟದ ಮೊಕದ್ದಮೆ ಬಂದಾಗ ಆ ಕಾಗದಗಳು ಸಕಾಲದಲ್ಲಿ ಸಿಗಲಿಲ್ಲ. ಇಟಲಿಯಿಂದ ಸಾಕ್ಷಿಗಳು ಬಂದು ನುಡಿದರೂ 1852ರಲ್ಲಿ ಜ್ಯೂರಿಯು ಆರೋಪಗಳು ಬಹುಮಟ್ಟಿಗೆ ರುಜುವಾತಾಗಲಿಲ್ಲವೆಂದಿತು. 1853ರ ಜನವರಿಯಲ್ಲಿ ಅವರಿಗೆ 100 ಪೌಂಡು ದಂಡ ವಿಧಿಸಲಾಯಿತು. ಆ ಭಾಗವು ಪುಸ್ತಕದಿಂದ ಹೊರಹೋಯಿತು. ತೀರ್ಪು ನ್ಯಾಯವಾದದ್ದಲ್ಲವೆಂದು ‘ದಿ ಟೈಮ್ಸ್’ ಪತ್ರಿಕೆಯೇ ಬರೆಯಿತು. ಆದರೂ ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಪರರ ಬಾಯಿಂದ ಬಂದದ್ದನ್ನು ಪರೀಕ್ಷಿಸದೆ ನಂಬುವವರನ್ನು ಟೀಕಿಸಿದ ಉಪನ್ಯಾಸಕಾರರು ತಾವೇ ಅದನ್ನು ಮಾಡಿದ್ದರು. ಆದರೆ ಅವರ ಆರೋಪವು ನಿರ್ದಿಷ್ಟವಾಗಿತ್ತು. ಆದುದರಿಂದಲೇ ಅದನ್ನು ನ್ಯಾಯಾಲಯವು ವಿಚಾರಿಸಲು ಸಾಧ್ಯವಾಯಿತು, ಆರೋಪಿಸಿದವರು ಬೆಲೆ ತೆರಲೂ ಸಾಧ್ಯವಾಯಿತು.

ಹನ್ನೊಂದು ವರ್ಷಗಳ ತರುವಾಯ ಅವರೇ ಗುರಿಯಾದರು. 1864ರ ಜನವರಿಯ ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ನಲ್ಲಿ ಫ್ರೂಡರ ಇಂಗ್ಲೆಂಡಿನ ಚರಿತ್ರೆಯನ್ನು ವಿಮರ್ಶಿಸುತ್ತ, ಆಂಗ್ಲಿಕನ್ ಪಾದ್ರಿಯೂ ಕೇಂಬ್ರಿಜ್‌ನ ಇತಿಹಾಸ ಪ್ರಾಧ್ಯಾಪಕರೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿಯವರು, ಸತ್ಯವನ್ನು ಸತ್ಯಕ್ಕಾಗಿಯೇ ಪ್ರೀತಿಸುವುದು ರೋಮನ್ ಪಾದ್ರಿವರ್ಗದ ಗುಣವಲ್ಲವೆಂದೂ ನ್ಯೂಮನ್ನರೇ ಹಾಗೆ ಬೋಧಿಸಿದ್ದಾರೆಂದೂ ನಡುವೆ ಒಂದು ಮಾತು ಸೇರಿಸಿದರು. ಎಲ್ಲಿ ಬೋಧಿಸಿದ್ದೇನೆಂದು ನ್ಯೂಮನ್ನರು ಕೇಳಿದಾಗ, ಸರ್ಪದ ಜಾಣತನವನ್ನೂ ಪಾರಿವಾಳದ ನಿಷ್ಕಾಪಟ್ಯವನ್ನೂ ಕುರಿತಾದ ಒಂದು ಪ್ರಸಂಗವನ್ನು ತೋರಿಸಲಾಯಿತು. ಅದು ಅವರು ಇನ್ನೂ ಆಂಗ್ಲಿಕನ್ ಪಾದ್ರಿಯಾಗಿದ್ದಾಗ ಮಾಡಿದ ಪ್ರಸಂಗ. ಅದರ ಯಾವ ವಾಕ್ಯದಲ್ಲಿ ಆ ಬೋಧನೆಯಿದೆ ಎಂಬ ಮರುಪ್ರಶ್ನೆಗೆ ಉತ್ತರ ಬರಲಿಲ್ಲ. ಬಂದದ್ದು, ನ್ಯೂಮನ್ನರು ಅಲ್ಲಗಳೆದಿರುವುದರಿಂದ ಒಪ್ಪಿಕೊಳ್ಳುತ್ತೇನೆಂಬ ಧಾಟಿಯ ಕ್ಷಮಾಪಣೆ. ನ್ಯೂಮನ್ನರು ಪತ್ರವ್ಯವಹಾರವನ್ನು ವ್ಯಂಗ್ಯದ ಷರಾದೊಡನೆ ಪ್ರಕಟಿಸಿದರು. ಕೆರಳಿದ ಕಿಂಗ್ಸ್ಲಿಯವರು ತಮ್ಮ ಕಿರುಹೊತ್ತಗೆಯಲ್ಲಿ, ಇನ್ನು ಮುಂದೆ ಈ ಮನುಷ್ಯನು ಬರೆಯುವ ಪ್ರತಿಯೊಂದು ಮಾತಿನಲ್ಲಿಯೂ ದ್ವಂದ್ವಾರ್ಥದ ಮೋಸವಿರಬಹುದೆಂದು ಭಯಪಡಬೇಕಾಗಿದೆ ಎಂದರು.

ಇದನ್ನೇ ನ್ಯೂಮನ್ನರು ಬಾವಿಗೆ ವಿಷ ಬೆರೆಸುವುದೆಂದು ಕರೆದರು. ಈ ಆರೋಪದ ಮುಂದೆ ಪ್ರತಿವಾದವು ನಿಷ್ಪ್ರಯೋಜಕ. ಸಮರ್ಥ ಉತ್ತರ ಕೊಟ್ಟರೆ ಅದು ಕುಶಲವಾದ ಮೋಸವೆನಿಸುತ್ತದೆ, ಮೌನವಾಗಿದ್ದರೆ ಒಪ್ಪಿಗೆಯೆನಿಸುತ್ತದೆ. ‘ಅಪೊಲೊಜಿಯ’ದ ಹಿರಿಮೆಯಿರುವುದು ಈ ಇಕ್ಕಟ್ಟನ್ನು ಸರಿಯಾಗಿ ಗುರುತಿಸಿದ್ದರಲ್ಲಿ. ಒಂದೊಂದು ಆಕ್ಷೇಪಣೆಗೆ ಒಂದೊಂದು ಉತ್ತರ ಜೋಡಿಸುವುದರ ಬದಲು ಅವರು ತಮ್ಮ ಧಾರ್ಮಿಕ ವಿಚಾರಗಳು ಬೆಳೆದ ಬಗೆಯನ್ನು ಹಳೆಯ ಪತ್ರಗಳೊಡನೆ, ಕಾಲಾನುಕ್ರಮದಲ್ಲಿ, ತಮ್ಮ ತಡವರಿಕೆಗಳನ್ನೂ ಮುಚ್ಚಿಡದೆ ಓದುಗರ ಮುಂದಿಟ್ಟರು. ಏಪ್ರಿಲ್‌ನಿಂದ ಜೂನ್‌ವರೆಗೆ ವಾರವಾರವೂ ಭಾಗಭಾಗವಾಗಿ ಹೊರಬಂದ ಈ ಬರಹವು ಅವರ ಬಗ್ಗೆ ಇಂಗ್ಲೆಂಡಿನ ಮನಸ್ಸನ್ನೇ ಬದಲಾಯಿಸಿತು.

ಆದರೆ ವಿಮರ್ಶಕನು ಇಲ್ಲಿಗೆ ನಿಲ್ಲಲಾಗದು. ಕಿಂಗ್ಸ್ಲಿಯವರ ಆರೋಪವು ಅನ್ಯಾಯವಾದದ್ದೇ. ಆದರೂ ಅದರ ಹಿಂದೆ ಒಂದು ಯೋಗ್ಯ ಪ್ರಶ್ನೆಯಿತ್ತು. ಸತ್ಯವನ್ನು ಕೇಳುವವರ ಅಳತೆಗೆ ತಕ್ಕಂತೆ ಹೇಳುವ ಬೋಧಕನಿಗೆ ಮಿತಿ ಯಾವುದು? ಇದಕ್ಕೆ ನ್ಯೂಮನ್ನರು ಅನುಬಂಧದಲ್ಲಿ ಉತ್ತರ ಕೊಟ್ಟಿದ್ದಾರೆ. ದ್ವಂದ್ವಾರ್ಥದ ಮಾತನ್ನು ಕುರಿತು ಸಂತ ಅಲ್ಫೋನ್ಸಸ್ ಲಿಗೋರಿಯ ಬೋಧನೆಯನ್ನು ತಾವು ಅನುಸರಿಸುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೆ ಓದುಗರ ನೆನಪಿನಲ್ಲಿ ಉಳಿದದ್ದು ಜೀವನಕಥೆ, ಉತ್ತರವಲ್ಲ. ಒಬ್ಬರ ವ್ಯಕ್ತಿತ್ವವು ಗೆದ್ದಾಗ ಪ್ರಶ್ನೆಯು ಮರೆಯಾಯಿತು. ಮೊದಲ ಆವೃತ್ತಿಯ ಆರಂಭದ ಭಾಗಗಳಲ್ಲಿ ಕಿಂಗ್ಸ್ಲಿಯವರನ್ನು ಕುರಿತು ಇದ್ದ ಕಟುನುಡಿಗಳೂ ವಾದಕ್ಕೆ ಅವಶ್ಯವಾಗಿರಲಿಲ್ಲ. 1865ರ ಆವೃತ್ತಿಯಲ್ಲಿ ನ್ಯೂಮನ್ನರು ಆ ಭಾಗಗಳನ್ನು ತೆಗೆದುಹಾಕಿದರು. ಪುಸ್ತಕದ ಇತಿಹಾಸದಲ್ಲಿ ಇದು ಸಣ್ಣ ಸಂಗತಿ. ನನ್ನ ದೃಷ್ಟಿಯಲ್ಲಿ ಅದೇ ಪುಸ್ತಕದ ಅತ್ಯಂತ ಕ್ರೈಸ್ತವಾದ ತಿದ್ದುಪಡಿ. ಆದರೂ ನಷ್ಟ ತಪ್ಪಲಿಲ್ಲ. ಕೂಲಿಗಾರರ ಪರವಾಗಿ ‘ಆಲ್ಟನ್ ಲಾಕ್’ ಬರೆದ ಕಿಂಗ್ಸ್ಲಿಯವರು ಇಂದು ದೇವಶಾಸ್ತ್ರದ ಪುಟಗಳಲ್ಲಿ ಬಹುತೇಕ ನ್ಯೂಮನ್ನರಿಗೆ ಸೋತವರೆಂದು ಮಾತ್ರ ಉಳಿದಿದ್ದಾರೆ. 1875ರಲ್ಲಿ ಅವರು ತೀರಿಕೊಂಡಾಗ ನ್ಯೂಮನ್ನರು ಅವರ ಆತ್ಮಕ್ಕಾಗಿ ಪೂಜೆ ಅರ್ಪಿಸಿದರು.

ಹಾಗಾದರೆ ಯಾರ ಮೇಲೂ ಬಹಿರಂಗವಾಗಿ ದೋಷ ಹೊರಿಸಬಾರದೇ? ಈ ನಿರ್ಣಯವು ಅಪಾಯಕರ. ಸಭೆಯ ಸಂಸ್ಥೆಗಳಲ್ಲಿ ಅನ್ಯಾಯಕ್ಕೊಳಗಾದವರು ಬಾಯಿ ತೆರೆದಾಗ, ಸಭೆಯ ಹೆಸರು ಕೆಡುತ್ತದೆಂದು ಅವರ ಬಾಯಿ ಮುಚ್ಚಿಸಿದ್ದುಂಟು. ಬಾಯಿ ಮುಚ್ಚಿಸಲು ದೂರುಕೊಟ್ಟವರ ಹೆಸರನ್ನೇ ಕೆಡಿಸಿದ್ದೂ ಉಂಟು. ಒಂದನೆಯ ಅರಸುಗಳ 21ನೆಯ ಅಧ್ಯಾಯವು ಇಲ್ಲಿ ನಮಗೆ ಮಾರ್ಗದರ್ಶಿ. ಅಲ್ಲಿ ಎರಡು ಆರೋಪಗಳಿವೆ. ಈಜೆಬೆಲಳು ಅರಸನ ಮುದ್ರೆಯ ಮರೆಯಲ್ಲಿ ಪತ್ರ ಬರೆದು, ಉಪವಾಸದ ಧಾರ್ಮಿಕ ವೇಷ ತೊಡಿಸಿ, ಇಬ್ಬರು ದುಷ್ಟರಿಂದ ನಾಬೋತನ ಮೇಲೆ ದೇವದೂಷಣೆಯ ಅಪವಾದ ಹೊರಿಸುತ್ತಾಳೆ; ನಾಬೋತನ ಉತ್ತರಕ್ಕೆ ಅಲ್ಲಿ ಎಡೆಯೇ ಇಲ್ಲ. ಅದೇ ಅಧ್ಯಾಯದಲ್ಲಿ ಎಲೀಯನು ಅಹಾಬನನ್ನು ಅದೇ ದ್ರಾಕ್ಷೆತೋಟದಲ್ಲಿ ಮುಖಾಮುಖಿ ಎದುರಿಸಿ, ಮಾಡಿದ ಕೃತ್ಯವನ್ನೇ ಹೆಸರಿಸುತ್ತಾನೆ. ಅವನ ಮಾತು ಈಜೆಬೆಲಳ ಪತ್ರಕ್ಕಿಂತ ಮೃದುವಲ್ಲ, ಇನ್ನೂ ಕಠೋರ. ಆದರೆ ಅಹಾಬನು ತನ್ನನ್ನು ತಗ್ಗಿಸಿಕೊಂಡಾಗ ಅವನಿಗೆ ಬರಬೇಕಾದ ದಂಡನೆಯು ಮುಂದೆ ಹೋಗುತ್ತದೆ. ಪ್ರವಾದಿಯ ಆರೋಪವು ಮಾನಸಾಂತರಕ್ಕೆ ಬಾಗಿಲು ತೆರೆದಿಡುತ್ತದೆ. ಅಪವಾದವು ಕಲ್ಲುಗಳಿಗಷ್ಟೇ ದಾರಿ ಮಾಡುತ್ತದೆ.

ಆದುದರಿಂದ ಆರೋಪವೊಂದನ್ನು ಕೇಳಿದಾಗ ನಾವು ಅದು ಕಠಿಣವೋ ಮೃದುವೋ ಎಂದು ನೋಡದೆ, ಮೂರು ಪ್ರಶ್ನೆಗಳನ್ನು ಕೇಳಬೇಕು. ಅದು ಕೃತ್ಯವನ್ನು ಹೆಸರಿಸುತ್ತದೆಯೋ, ಸ್ವಭಾವವನ್ನು ಮಾತ್ರವೋ? ಉತ್ತರವನ್ನು ಕೇಳಲು ಸಿದ್ಧವಾಗಿದೆಯೋ, ಉತ್ತರವನ್ನೇ ಅಪರಾಧವೆಂದು ಎಣಿಸುತ್ತದೆಯೋ? ತಪ್ಪೆಂದು ಕಂಡರೆ ಹಿಂತೆಗೆದುಕೊಳ್ಳುವ ಹೊಣೆಯನ್ನು ಯಾರಾದರೂ ಹೊತ್ತಿದ್ದಾರೆಯೋ? ಕಥೋಲಿಕ ಪರಂಪರೆಯಲ್ಲಿ ಇಗ್ನೇಷಿಯಸ್ ಲೊಯೋಲನು ತನ್ನ ‘ಆತ್ಮಿಕ ಸಾಧನೆಗಳ’ ಆರಂಭದಲ್ಲಿಯೇ, ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಒಳ್ಳೆಯ ಅರ್ಥದಲ್ಲಿ ತೆಗೆದುಕೊಳ್ಳಲು ಸಿದ್ಧನಿರಬೇಕೆಂದೂ, ಆಗದಿದ್ದರೆ ಅವನ ಅಭಿಪ್ರಾಯವೇನೆಂದು ಅವನನ್ನೇ ಕೇಳಬೇಕೆಂದೂ ಹೇಳಿದ್ದಾನೆ. ಲೂಥರನು ಸುಳ್ಳುಸಾಕ್ಷಿಯ ಕುರಿತಾದ ಆಜ್ಞೆಯನ್ನು ವಿವರಿಸುವಾಗ ಇದೇ ಕರ್ತವ್ಯವನ್ನು ಬೋಧಿಸುತ್ತಾನೆ. ಜೊತೆಗೆ, ಬಹಿರಂಗವಾಗಿ ಮಾಡಿದ ಪಾಪವನ್ನು ಬಹಿರಂಗವಾಗಿ ಗದರಿಸುವುದು ಚಾಡಿಯಲ್ಲವೆಂದೂ ಒಪ್ಪುತ್ತಾನೆ. ಒಡೆದುಹೋದ ಎರಡು ಪರಂಪರೆಗಳು ಈ ಒಂದು ವಿಷಯದಲ್ಲಿ ಒಂದಾಗಿವೆ.

ಸಭಾಪಾಲಕನ ಕೈಗೆ ಅನಾಮಧೇಯ ಪತ್ರಗಳು ಬರುತ್ತವೆ, ಚುನಾವಣೆಗಳ ಕಾಲದಲ್ಲಿ ಕಿವಿಮಾತುಗಳು ಬರುತ್ತವೆ. ನಿಜವಾಗಿ ನೊಂದವರ ದೂರುಗಳೂ ಬರುತ್ತವೆ. ಇವುಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯದವನು ಮೊದಲನೆಯವುಗಳನ್ನು ನಂಬಿಬಿಟ್ಟು ಕೊನೆಯದನ್ನು ತಳ್ಳಿಹಾಕುವ ಸಂಭವವೇ ಹೆಚ್ಚು. ಕಿಂಗ್ಸ್ಲಿಯವರಿಗೆ ನ್ಯೂಮನ್ನರು ಕೇಳಿದ ಪ್ರಶ್ನೆಯು ನಮ್ಮ ಬಾಯಲ್ಲಿಯೂ ಸಿದ್ಧವಾಗಿರಲಿ: ಯಾವಾಗ, ಎಲ್ಲಿ, ಯಾವ ಮಾತಿನಲ್ಲಿ? ಅದನ್ನು ನಮ್ಮ ವಿರೋಧಿಗಳಿಗೆ ಕೇಳುವ ಮೊದಲು ನಮಗೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು.