ಅಂಚಿನಲ್ಲಿ ಬರೆದ ಅಭಿಪ್ರಾಯಗಳು

ಕಾದಂಬರಿ ಓದುವವರು ನಮ್ಮಲ್ಲಿ ಬಹಳ ಮಂದಿ. ಇಂಥದನ್ನು ಓದಿ ಮೆಚ್ಚಿದೆನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವವರು ಕಡಮೆ. ಪ್ರೇಮ, ಮದುವೆ, ಅತ್ತೆ-ಸೊಸೆ, ಆಸ್ತಿ, ಮೂರು ತಲೆಮಾರಿನ ಮನೆತನ ಇವುಗಳ ಕಥೆ ಹೇಳುವ ಕಾದಂಬರಿಗಳ ವಿಷಯದಲ್ಲಂತೂ ಈ ಸಂಕೋಚ ಇನ್ನೂ ಹೆಚ್ಚು. ಓದುಬರಹ ಬಲ್ಲವರ ಕೂಟದಲ್ಲಿ ಅವುಗಳ ಹೆಸರೆತ್ತಿದರೆ ಒಬ್ಬರು ಮುಗುಳುನಗುತ್ತಾರೆ. ಇನ್ನೊಬ್ಬರು, "ನಮ್ಮ ಮನೆಯವರು ಓದುತ್ತಾರೆ" ಎಂದು ಹೊಣೆಯನ್ನು ಹೆಂಡತಿಯ ಮೇಲೆ ಹಾಕಿ ಪಾರಾಗುತ್ತಾರೆ. ಆ ಪುಸ್ತಕವೋ, ಬೈಂಡು ಸಡಿಲವಾಗಿ, ಹಾಳೆಗಳ ಮೂಲೆ ಮಡಿಚಿ, ಹತ್ತಾರು ಮನೆ ಸುತ್ತಿ ಬಂದಿರುತ್ತದೆ.

ಇವುಗಳ ಬಗ್ಗೆ ಕೇಳಿಬರುವ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪಂಡಿತರದು: ಇವು ಹೊತ್ತು ಕಳೆಯುವ ಸಾಮಗ್ರಿ, ಬರಿಯ 'ಅಡುಗೆಮನೆ ಸಾಹಿತ್ಯ'. ಎರಡನೆಯದು ಅಭಿಮಾನಿಗಳದು: ಓದಿದೆವು, ಅತ್ತೆವು, ಮನಸ್ಸು ಹಗುರವಾಯಿತು, ಇದಕ್ಕೆ ವಿಮರ್ಶೆಯ ಗೊಡವೆ ಏಕೆ? ಮೂರನೆಯದು ಸುಧಾರಕರದು. ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆಂದು ಇವರು ಹಿಂದೆ ಹೆದರುತ್ತಿದ್ದರು. ಅದೇ ಕಾದಂಬರಿ ಓದಿ ಹೆಣ್ಣುಮಕ್ಕಳು ತೀರ ಸಾಧುಗಳಾಗುತ್ತಿದ್ದಾರೆಂದು ಈಗ ಮರುಗುತ್ತಾರೆ. ಮೂವರೂ ಗಮನಿಸದೆ ಬಿಡುವ ಸಂಗತಿಯೊಂದಿದೆ. ಈ ಪುಸ್ತಕಗಳನ್ನು ಓದುವವರು ತಮ್ಮತಮ್ಮಲ್ಲೇ ಒಮ್ಮತದವರಲ್ಲ. ಪಂಡಿತರು ಬಾರದ ಆ ಅಡುಗೆಮನೆಯಲ್ಲಿ ವಾದವಿವಾದ ಎಂದೋ ನಡೆದುಹೋಗಿದೆ.

ಈ ಅನುಮಾನ ಹೊಸದೇನೂ ಅಲ್ಲ; ಕನ್ನಡ ಕಾದಂಬರಿಯಷ್ಟೇ ಹಳೆಯದು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುವ ರುಚಿ ಹತ್ತಿಸಿದರು. ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಮನೆಮಾತಾಗಿದೆ. ಅ.ನ.ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು 'ಕಾದಂಬರಿ ಸಾರ್ವಭೌಮ'ರೆನಿಸಿದರು. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಅಶ್ಲೀಲವೆಂಬ ಗದ್ದಲ ಎದ್ದಾಗ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಜನ ಓದಿದ್ದೆಲ್ಲ ಜೊಳ್ಳು, ಜನ ಓದದ್ದೆಲ್ಲ ಗಟ್ಟಿಕಾಳು ಎಂಬ ಲೆಕ್ಕಾಚಾರ ಮಾತ್ರ ಅಂದಿನಿಂದ ಇಂದಿನವರೆಗೆ ಅಷ್ಟಾಗಿ ಬದಲಾಗಿಲ್ಲ.

ಈ ಲೆಕ್ಕಾಚಾರಕ್ಕೆ ನಾನೂ ಒಳಗಾಗಿದ್ದವನೇ. ನಾನು ಎಂ.ಎ. ಓದುತ್ತಿದ್ದಾಗ ನಮ್ಮ ಬಡಾವಣೆಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ನಮ್ಮ ತಾಯಿ ಅಲ್ಲಿಂದ ವಾರಕ್ಕೆರಡು ಕಾದಂಬರಿ ತರಿಸಿ ಓದುತ್ತಿದ್ದರು. ರಜೆಗೆಂದು ನಾನು ಮನೆಗೆ ಬಂದ ದಿನಗಳಲ್ಲಿ ಆ ಪುಸ್ತಕಗಳು ಕಾಣುತ್ತಿರಲಿಲ್ಲ. ದಿಂಬಿನ ಕೆಳಕ್ಕೋ ಅಕ್ಕಿಯ ಡಬ್ಬದ ಹಿಂದಕ್ಕೋ ಸೇರುತ್ತಿದ್ದವು. ಮಗ ಸಾಹಿತ್ಯ ಓದುತ್ತಿದ್ದಾನೆ, ತಾನು ಓದುವುದು ಸಾಹಿತ್ಯವಲ್ಲ ಎಂದು ಅವರಿಗೆ ಯಾರು ಹೇಳಿದರು? ಬಾಯಿಬಿಟ್ಟು ಹೇಳಿದವರಿಲ್ಲ. ನನ್ನ ಮುಗುಳುನಗೆ ಹೇಳಿರಬೇಕು.

ಒಂದು ಸಲ ಆ ಪುಸ್ತಕಗಳನ್ನು ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕೈಲಿದ್ದುದು ತ್ರಿವೇಣಿಯವರ 'ಬೆಳ್ಳಿಮೋಡ'. ದಾರಿಯಲ್ಲಿ ಸುಮ್ಮನೆ ತಿರುವಿದರೆ ಕೊನೆಯ ಹಾಳೆಗಳ ಅಂಚಿನ ತುಂಬ ಬರವಣಿಗೆ. ಒಂದೆಡೆ ಪೆನ್ಸಿಲಿನಲ್ಲಿ: "ಇಂದಿರೆ ಮಾಡಿದ್ದೇ ಸರಿ." ಅದರ ಕೆಳಗೆ ಬೇರೊಂದು ಕೈಯ ನೀಲಿ ಶಾಯಿ: "ಹೆಣ್ಣಿಗೆ ಇಷ್ಟು ಹಟ ಒಳ್ಳೆಯದಲ್ಲ. ಅವನು ಪಶ್ಚಾತ್ತಾಪಪಟ್ಟಿಲ್ಲವೆ?" ಅದಕ್ಕೆ ಮತ್ತೆ ಪೆನ್ಸಿಲಿನ ಉತ್ತರ: "ಕಾಲು ಮುರಿದ ಮೇಲೆ!" ಪುಸ್ತಕ ಎರಡು ಮೂರು ಬಾರಿಯಾದರೂ ಆ ಇಬ್ಬರ ಮನೆಗಳ ನಡುವೆ ಓಡಾಡಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿದ್ದರೋ ಇಲ್ಲವೋ! ಒಂದು ವರ್ಷದ ನನ್ನ ತರಗತಿಯ ಟಿಪ್ಪಣಿಗಳಲ್ಲಿ ಇಷ್ಟು ಜೀವಂತವಾದ ವಿಮರ್ಶೆ ಇರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕಥೆ ಬಲ್ಲವರಿಗೆ ಜಗಳ ಯಾವುದರದೆಂದು ತಿಳಿದೇ ಇದೆ. ಇಂದಿರೆ ಎಸ್ಟೇಟಿನ ಒಬ್ಬಳೇ ಮಗಳು. ಆಸ್ತಿಯ ಆಸೆಯಿಂದ ಮದುವೆಗೆ ಒಪ್ಪಿದ ಮೋಹನ, ಆ ಮನೆಯಲ್ಲಿ ಗಂಡು ಮಗು ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂದೆಗೆಯುತ್ತಾನೆ. ಮುಂದೆ ಕಾಲು ಮುರಿದುಕೊಂಡು ಅವಳ ಆರೈಕೆಯಲ್ಲೇ ಇರುವಾಗ ನಿಜವಾಗಿ ಅವಳನ್ನು ಮೆಚ್ಚಿ ಕೈಹಿಡಿಯುವೆನೆನ್ನುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ತ್ರಿವೇಣಿಯವರ ಜಾಣ್ಮೆಯೆಲ್ಲ ಇಲ್ಲಿದೆ: ಮೋಹನನನ್ನು ಅವರು ದುಷ್ಟನಾಗಿ ಉಳಿಸಲಿಲ್ಲ. ದುಷ್ಟನಾಗಿದ್ದರೆ ಅವನನ್ನು ನಿರಾಕರಿಸುವುದರಲ್ಲಿ ಏನು ದೊಡ್ಡಸ್ತಿಕೆ? ಅವನ ಪಶ್ಚಾತ್ತಾಪ ನಿಜವಾಗಿರುವುದರಿಂದಲೇ ಅವಳ 'ಇಲ್ಲ'ಕ್ಕೆ ಬೆಲೆ ಬಂತು. ನೀಲಿ ಶಾಯಿಯವರ ವಾದಕ್ಕೂ ಜಾಗ ಉಳಿಯಿತು. ಪುಟ್ಟಣ್ಣ ಕಣಗಾಲರ ಚಲನಚಿತ್ರವಾಗಿ ೧೯೬೭ರಲ್ಲಿ ಅದು ಬಂದಾಗ ಈ ಜಗಳ ಓದು ಬಾರದವರ ಮನೆಗೂ ಹೋಯಿತು.

ತ್ರಿವೇಣಿಯವರು ಬರೆದದ್ದು ೧೯೫೩ರಿಂದ ೧೯೬೩ರವರೆಗೆ, ಬರಿಯ ಹತ್ತು ವರ್ಷ. ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರಾದ್ದರಿಂದ ಅವರ ಕಾದಂಬರಿಗಳಲ್ಲಿ ಪಠ್ಯಪುಸ್ತಕದ ವಾಸನೆಯಿದೆ ಎಂಬ ಆಕ್ಷೇಪವುಂಟು. ಕೆಲವೆಡೆ ಅದು ನಿಜವೂ ಹೌದು; ಪಾತ್ರಗಳ ಬಾಯಲ್ಲಿ ವೈದ್ಯರ ಮಾತು ಇಣುಕುತ್ತದೆ. ಆದರೆ 'ಶರಪಂಜರ'ದ ಕಾವೇರಿಯನ್ನು ಓದುಗರು ನೆನಪಿಟ್ಟುಕೊಂಡದ್ದು ಅವಳ ಕಾಯಿಲೆಗಾಗಿ ಅಲ್ಲ. ಅವಳು ಗುಣಹೊಂದಿ ಮನೆಗೆ ಬರುತ್ತಾಳೆ. ಅವಳ ಮನಸ್ಸು ವಾಸಿಯಾದರೂ ಮನೆಯವರ ಕಣ್ಣು ವಾಸಿಯಾಗಿರುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ಕೆಟ್ಟವನೋ ಬರಿಯ ಹೇಡಿಯೋ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ಅವರು ಅಲ್ಲಿ ನೋಡುತ್ತಿರುವುದು ತಮ್ಮ ಬೀದಿಯ ಯಾವುದೋ ಮನೆಯನ್ನು. ಕೆಲವೊಮ್ಮೆ ತಮ್ಮ ಮನೆಯನ್ನೇ.

ಹಾಗಾದರೆ ಜನಪ್ರಿಯ ಕಾದಂಬರಿಗಳೆಲ್ಲ ಒಳ್ಳೆಯವೇ? ಖಂಡಿತ ಅಲ್ಲ. ಆ ಲೈಬ್ರರಿಯ ಕಪಾಟಿನಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದ ಪುಸ್ತಕಗಳೇ ಹೆಚ್ಚಾಗಿದ್ದವು. ಬಡವರ ಮನೆಯ ವಿದ್ಯಾವಂತ ಹುಡುಗಿ. ಸಿರಿವಂತ, ಮುಂಗೋಪಿ ನಾಯಕ. ಒಂದು ಅಪಾರ್ಥ, ಒಂದು ಕಾಗದ, ಒಂದು ಕಾರು ಅಪಘಾತ. ಹದಿನೆಂಟನೆಯ ಅಧ್ಯಾಯದವರೆಗೆ ಸಿಡುಕುತ್ತಿದ್ದ ಅತ್ತೆ ಹತ್ತೊಂಬತ್ತನೆಯದರಲ್ಲಿ ಸೊಸೆಯ ತಲೆ ಸವರಿ ಕಣ್ಣೀರಿಡುತ್ತಾಳೆ. ಅಂಥ ಪುಸ್ತಕಗಳ ಅಂಚೂ ಖಾಲಿಯಿರಲಿಲ್ಲ, ಆದರೆ ಅಲ್ಲಿ ಬರೆದಿದ್ದುದು ಒಂದೇ ಮಾತು: "ತುಂಬಾ ಚೆನ್ನಾಗಿದೆ." ಯಾರೂ ಯಾರಿಗೂ ಎದುರು ಹೇಳಿರಲಿಲ್ಲ. ಹೇಳಲು ಲೇಖಕರು ಏನನ್ನೂ ಉಳಿಸಿರಲಿಲ್ಲ.

ಇದರಲ್ಲಿ ತಪ್ಪೆಲ್ಲ ಲೇಖಕರದೆನ್ನಲಾಗದು. ೧೯೬೫ರಲ್ಲಿ 'ಸುಧಾ', ೧೯೮೩ರಲ್ಲಿ 'ತರಂಗ' ಬಂದ ಮೇಲೆ ವಾರಪತ್ರಿಕೆಯ ಧಾರಾವಾಹಿ ನಗರದ ಮಧ್ಯಮ ವರ್ಗದ ಮನೆಗಳಲ್ಲಿ ನಿತ್ಯದ ಕಾಫಿಯಷ್ಟೇ ರೂಢಿಯಾಯಿತು. ಪ್ರತಿ ಕಂತೂ ಒಂದು ಕುತೂಹಲದಲ್ಲಿ ನಿಲ್ಲಬೇಕು. ಬಾಗಿಲು ತಟ್ಟಿದ ಸದ್ದಾಗಬೇಕು, ಬಾಗಿಲು ತೆರೆಯುವುದು ಮುಂದಿನ ವಾರ. ಹೀಗೆ ಬರೆದಾಗ ಘಟನೆ ಬೆಳೆಯುತ್ತದೆ, ಪಾತ್ರ ಬೆಳೆಯುವುದಿಲ್ಲ. ಇನ್ನು ಓದುವವರ ಕಡೆಯಿಂದ ನೋಡಿ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರುವ ಮುನ್ನ ಸಿಗುವ ಒಂದೂವರೆ ಗಂಟೆಯಲ್ಲಿ ವಿಶ್ರಾಂತಿ ಬೇಡುವವರನ್ನು ಹಳಿಯಲು ವಿಮರ್ಶಕನಿಗೆ ಯಾವ ಅಧಿಕಾರವಿದೆ? ವಿಶ್ರಾಂತಿ ನ್ಯಾಯವಾದ ಬೇಡಿಕೆಯೇ. ನನ್ನ ಆಕ್ಷೇಪ ಬೇರೆ. ತಾಳ್ಮೆಯಿಂದ ಸಹಿಸಿದರೆ ಕೊನೆಯ ಅಧ್ಯಾಯದಲ್ಲಿ ಬಡ್ಡಿ ಸಮೇತ ಫಲ ಸಿಗುತ್ತದೆಂದು ಆ ಪುಸ್ತಕಗಳು ಮಾತುಕೊಡುತ್ತವೆ. ಓದುತ್ತಿರುವವಳಿಗೆ ಹಾಗಲ್ಲವೆಂದು ಚೆನ್ನಾಗಿ ಗೊತ್ತು. ಗೊತ್ತಿರುವವಳಿಗೆ ಸುಳ್ಳು ಹೇಳುವುದು ವಿಶ್ರಾಂತಿ ಕೊಟ್ಟಂತಲ್ಲ.

ಇನ್ನು ಮನೆತನದ ಕಾದಂಬರಿಗಳ ಮಾತು. ೧೯೬೫ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ದ ಬಗ್ಗೆ ಎದ್ದ ಭಿನ್ನಾಭಿಪ್ರಾಯ, ೨೦೨೫ರಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳ ನಡುವೆಯೂ ತಲೆಯೆತ್ತಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳನ್ನು ಋಷಿಸಮಾನರೆಂದು ನೆನೆಯುವ ಓದುಗರು ಸಾವಿರಾರು. ವಿಮರ್ಶಕರ ಪ್ರಶ್ನೆ ಬೇರೆ: ವಿಧವೆ ಸೊಸೆ ಕಾತ್ಯಾಯಿನಿ ಮರುಮದುವೆಯಾದಳೆಂದು ಗರ್ಭಪಾತದ ಮೇಲೆ ಗರ್ಭಪಾತ ತಂದು ಕೊರಗಿಸಿ ಕೊಲ್ಲುವುದು ಯಾವ ನ್ಯಾಯ? ಈ ಪ್ರಶ್ನೆ ಸರಿಯಾದದ್ದು. ದೇಹದ ಕಾಯಿಲೆಯನ್ನು ಧರ್ಮದ ತೀರ್ಪಿನಂತೆ ತೋರಿಸಿದಾಗ ಕಾದಂಬರಿಕಾರರು ತಕ್ಕಡಿಗೆ ಬೆರಳು ತಾಗಿಸಿದ್ದಾರೆಂದೇ ನನ್ನ ಅಭಿಪ್ರಾಯ. ಆದರೆ ಅದೇ ಪುಸ್ತಕದ ಕೊನೆಯಲ್ಲಿ, ತಾವು ಕಾದುಕೊಂಡು ಬಂದ ವಂಶದ ರಕ್ತ ತಮ್ಮದಲ್ಲವೆಂದು ಶ್ರೋತ್ರಿಗಳಿಗೇ ತಿಳಿಯುತ್ತದೆ. ಆಸ್ತಿಯ ಮೋಹಕ್ಕಾಗಿ ಹಿರಿಯರು ಮಾಡಿದ ಕೃತ್ಯ ಬಯಲಿಗೆ ಬರುತ್ತದೆ. ಯಾವ ಮರಕ್ಕಾಗಿ ಸೊಸೆ ಕೊರಗಿದಳೋ ಆ ಮರದ ಬೇರೇ ಬೇರೆ! ಶ್ರೋತ್ರಿಗಳನ್ನು ಪೂಜಿಸುವವರು ಈ ಭಾಗವನ್ನು ಬೇಗ ಮರೆಯುತ್ತಾರೆ. ಕಾತ್ಯಾಯಿನಿಗಾಗಿ ಕೋಪಿಸುವವರು ಇದಕ್ಕೆ ತಕ್ಕ ಬೆಲೆ ಕೊಡುವುದಿಲ್ಲ. ಇಬ್ಬರೂ ಅರ್ಧರ್ಧ ಓದಿದ್ದಾರೆ, ಜಗಳವಾಡಿದರೆ ಪೂರ್ತಿಯಾದೀತು.

ಎಂ.ಕೆ. ಇಂದಿರಾ ಅವರ ವಿಷಯ ಇನ್ನೂ ಬೋಧಪ್ರದ. ಶಾಲೆಯ ಓದು ಹೆಚ್ಚಿಲ್ಲದ, ನಡುವಯಸ್ಸಿನಲ್ಲಿ ಕಾದಂಬರಿ ಬರೆಯತೊಡಗಿದ ಗೃಹಿಣಿ ಅವರು. ಮೊದಲ ಕಾದಂಬರಿ 'ತುಂಗಭದ್ರಾ' ೧೯೬೩ರಲ್ಲಿ ಬಂತು. ಬಹುಕಾಲ ಅವರನ್ನು ಜನಪ್ರಿಯ ಲೇಖಕಿಯರ ಸಾಲಿನಲ್ಲಿ ಕೂರಿಸಿ ಪಂಡಿತರು ಮುಂದೆ ನಡೆದರು. ೧೯೭೬ರ 'ಫಣಿಯಮ್ಮ' ಅವರನ್ನು ನಿಲ್ಲಿಸಿತು. ಬಾಲ್ಯದಲ್ಲೇ ವಿಧವೆಯಾಗಿ, ಮಲೆನಾಡಿನ ತುಂಬಿದ ಮನೆಯಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿದ ತಮ್ಮ ವಂಶದ ಹಿರಿಯಳೊಬ್ಬಳ ಕಥೆಯದು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ತಾನು ಜೀವಮಾನವಿಡೀ ಮಡಿಯಲ್ಲಿ ಬಾಳಿದ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ಇಲ್ಲೂ ಓದುಗರು ಇಬ್ಭಾಗ: ಆಕೆ ದೇವತೆ ಎನ್ನುವವರು ಕೆಲವರು, ಆಕೆಗೆ ಒಮ್ಮೆಯಾದರೂ ಸಿಟ್ಟು ಬರಬಾರದಿತ್ತೇ ಎನ್ನುವವರು ಹಲವರು. ಈ ಎರಡನೆಯವರ ಮಾತು ತಪ್ಪೆಂದು ನನಗನ್ನಿಸದು. ಆ ಸಿಟ್ಟನ್ನು ಲೇಖಕಿ ಓದುಗರಿಗೆಂದೇ ಬಿಟ್ಟಿದ್ದಾರೆ.

ಇಷ್ಟರಿಂದ ನಾನು ತಲಪುವ ನಿಲುವು ಇದು. ಎಷ್ಟು ಮುದ್ರಣವಾಯಿತು, ಯಾರು ಓದುತ್ತಾರೆ, ಅತ್ತರೋ ನಕ್ಕರೋ ಎಂಬುದು ಕಾದಂಬರಿಯ ಅಳತೆಗೋಲಲ್ಲ. ಅದು ಮುಗಿದ ಮೇಲೆ ಒಂದೇ ಮನೆಯ ಇಬ್ಬರು ಅದರ ಬಗ್ಗೆ ಬೇರೆ ಬೇರೆ ಮಾತಾಡಬಲ್ಲರೇ? ಎದುರು ಪಕ್ಷದವರಿಗೂ ಒಂದು ನ್ಯಾಯವಾದ ಮಾತನ್ನು ಲೇಖಕರು ಉಳಿಸಿದ್ದಾರೆಯೇ? ಉಳಿಸಿದ್ದರೆ ಅದು ಬಾಡಿಗೆಯ ಪುಸ್ತಕವಾದರೇನು, ಬಹುಮಾನದ ಪುಸ್ತಕವಾದರೇನು! ಉಳಿಸದಿದ್ದರೆ ಪಂಡಿತರು ಹೊಗಳಿದರೂ ಅದು ತೀರಿಹೋದ ಕಥೆ. ನಮ್ಮ ಮನೆಗಳಲ್ಲಿ ಮದುವೆ, ವೈಧವ್ಯ, ಆಸ್ತಿ, ಮನೋರೋಗ ಇವುಗಳ ಬಗ್ಗೆ ಹೆಂಗಸರು ನೇರವಾಗಿ ಮಾತಾಡಲಾಗದ ದಿನಗಳಲ್ಲಿ ಇಂದಿರೆಯ ಹೆಸರಿನಲ್ಲಿ, ಕಾವೇರಿಯ ಹೆಸರಿನಲ್ಲಿ ಮಾತಾಡಿದರು. ಆ ಮಾತಿಗೆ ಕಿವಿಗೊಡದ ವಿಮರ್ಶೆ ತನಗೇ ನಷ್ಟ ಮಾಡಿಕೊಂಡಿತು.

ಆ ಲೈಬ್ರರಿ ಈಗಿಲ್ಲ. ಅಂದು ಪುಸ್ತಕ ಹಿಂದಿರುಗಿಸಿ ಬಂದವನು ತಾಯಿಯನ್ನು ಕೇಳಿದೆ, "ಅಂಚಿನಲ್ಲಿ ಬರೆದದ್ದನ್ನು ನೋಡಿದೆಯಾ ಅಮ್ಮ? ಯಾರದು ಸರಿ?" ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ನಾನು ನಗುತ್ತಿಲ್ಲವೆಂದು ಖಚಿತವಾದ ಮೇಲೆ ಹೇಳಿದರು: "ಪೆನ್ಸಿಲಿನದು ನಂದೇ ಕಣೋ."