ಗ್ರಂಥಪರಿಷ್ಕರಣವೂ ದಾಕ್ಷಿಣ್ಯದ ಮುನ್ನುಡಿಯೂ

ನಮ್ಮ ಸಂಘದ ಪುಸ್ತಕಭಂಡಾರಕ್ಕೆ ಈಚಿನ ವರ್ಷಗಳಲ್ಲಿ ಹೊಸ ಗ್ರಂಥಗಳು ಹೇರಳವಾಗಿ ಬರುತ್ತಿರುವುವು. ಬರೆಯುವ ಉತ್ಸಾಹವು ಹಳ್ಳಿಹಳ್ಳಿಗೂ ಹಬ್ಬಿರುವುದು ಸಂತೋಷದ ವಿಷಯವೇ ಸರಿ. ಆದರೆ ಅವುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಒಂದು ಅಭಿಪ್ರಾಯವು ನನ್ನ ಮನಸ್ಸಿನಲ್ಲಿ ದೃಢವಾಗುತ್ತ ಬಂದಿರುವುದು. ಇವುಗಳಲ್ಲಿ ಹೆಚ್ಚಿನವು ಪ್ರತಿಭೆಯ ಕೊರತೆಯಿಂದ ಕೆಟ್ಟವಲ್ಲ. ಬರೆದುದನ್ನು ಮತ್ತೊಮ್ಮೆ ಓದಿ ತಿದ್ದುವ ತಾಳ್ಮೆಯ ಕೊರತೆಯಿಂದ ಕೆಟ್ಟವು. ಬರೆದು ಮುಗಿಸಿದ ದಿನವೇ ಗ್ರಂಥವೂ ಮುಗಿಯಿತೆಂಬ ಭ್ರಾಂತಿಯೇ ಇದಕ್ಕೆ ಮೂಲ.

ತಿದ್ದುವುದೆಂದರೆ ಕೇವಲ ಕಾಗುಣಿತವನ್ನು ಸರಿಪಡಿಸುವುದಲ್ಲ. ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರ್ಯೆಯನ್ನು ವಿವರಿಸಿರುವನು. ಹಗಲಿನ ನಾಲ್ಕು ಜಾವಗಳಲ್ಲಿ ಮೊದಲನೆಯದು ವ್ಯಾಸಂಗಕ್ಕೆ, ಎರಡನೆಯದು ರಚನೆಗೆ, ಭೋಜನಾನಂತರದ ಮೂರನೆಯದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ಬರೆದುದರ ಪರೀಕ್ಷೆಗೆ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ಆ ಹೊತ್ತಿನಲ್ಲಿ ವಿವೇಚನೆಯ ಕಣ್ಣು ಇರದೆಂಬುದೇ ಅವನು ಕೊಡುವ ಕಾರಣ. ಪರೀಕ್ಷಿಸುವಾಗ ಮಾಡತಕ್ಕ ಕೆಲಸಗಳು ನಾಲ್ಕು: ಹೆಚ್ಚಾದುದನ್ನು ಬಿಡುವುದು, ಕಡಮೆಯಾದುದನ್ನು ತುಂಬುವುದು, ಸ್ಥಳ ತಪ್ಪಿದುದನ್ನು ಬದಲಾಯಿಸುವುದು, ಮರೆತುದನ್ನು ನೆನೆದು ಹೊಂದಿಸುವುದು. ಸಾವಿರದ ನೂರು ವರ್ಷಗಳು ಕಳೆದಿದ್ದರೂ ಇದಕ್ಕೆ ಐದನೆಯದೊಂದನ್ನು ಸೇರಿಸಬೇಕಾದ ಪ್ರಸಂಗವನ್ನು ನಾನು ಕಂಡಿಲ್ಲ.

ಇದನ್ನೆಲ್ಲ ಪಾಠಶಾಲೆಯಲ್ಲಿ ಓದಿದ್ದ ನಾನೇ ಒಮ್ಮೆ ಬಾಯಿ ಮುಚ್ಚಿಕೊಂಡಿದ್ದು ಒಂದು ಗ್ರಂಥವನ್ನು ಕೆಡಿಸಿದೆನು. ನನ್ನಲ್ಲಿ ಓದಿದ ಶಿಷ್ಯನೊಬ್ಬನು ಕಾದಂಬರಿಯೊಂದನ್ನು ಬರೆದು, ಹಸ್ತಪ್ರತಿಯನ್ನು ಫಲತಾಂಬೂಲದೊಡನೆ ತಂದಿಟ್ಟು, “ಮೇಷ್ಟ್ರೇ, ತಾವೇ ಮುನ್ನುಡಿ ಬರೆದು ಹರಸಬೇಕು” ಎಂದನು. ಕೆರೆಯ ನೀರಿನ ಪಾಲಿಗಾಗಿ ಬೇರೆಯಾದ ಅಣ್ಣತಮ್ಮಂದಿರ ಕಥೆಯದು. ವಸ್ತುವು ಸತ್ತ್ವಯುತವಾಗಿತ್ತು, ನಡುರಾತ್ರಿಯಲ್ಲಿ ತೂಬಿನ ಬಳಿ ನಡೆಯುವ ಜಗಳವನ್ನು ಓದಿದಾಗ ಮೈ ಜುಮ್ಮೆಂದಿತು. ಆದರೆ ಬೆಳಗಾಯಿತೆಂದು ಹೇಳುವುದಕ್ಕೆ ಅಧ್ಯಾಯಕ್ಕೊಂದರಂತೆ ಒಂದೊಂದು ಪುಟದ ಅರುಣೋದಯ. ಅದರಲ್ಲಿ ಸುಂದರ, ಮನೋಹರ, ರಮಣೀಯವೆಂದು ಒಂದೇ ಅರ್ಥದ ಮೂರು ವಿಶೇಷಣಗಳು. ಇದು ಹೆಚ್ಚಾದುದು. ಮೂರನೆಯ ಅಧ್ಯಾಯದಲ್ಲಿ ಹಾಸಿಗೆ ಹಿಡಿದ ತಾಯಿಯು ಮುಂದೆ ಬದುಕಿದಳೋ ಇಲ್ಲವೋ ತಿಳಿಯದು. ಇದು ಕಡಮೆಯಾದುದು. ತಂದೆಯು ಹಿರಿಯ ಮಗನಿಗೆ ಗುಟ್ಟಾಗಿ ಬರೆದುಕೊಟ್ಟ ಪತ್ರವೇ ಜಗಳದ ಮೂಲವೆಂಬುದು ಹೊರಬೀಳುವುದು ಕಟ್ಟಕಡೆಯ ಪುಟದಲ್ಲಿ. ಅಷ್ಟರೊಳಗೆ ಓದುಗನು ಕಿರಿಯನನ್ನು ವೃಥಾ ಕೋಪಿಷ್ಠನೆಂದು ತೀರ್ಮಾನಿಸಿರುವನು. ಇದು ಸ್ಥಳ ತಪ್ಪಿದುದು. ಮೊದಲಲ್ಲಿ ಮನೆಯ ಮೂಡಲಿಗಿದ್ದ ಬಾವಿಯು ಕೊನೆಯಲ್ಲಿ ಪಡುವಲಿಗೆ ಹೋಗಿತ್ತು. ಇದು ಮರೆತುದು.

ಇವೆಲ್ಲವೂ ನನ್ನ ಕಣ್ಣಿಗೆ ಬಿದ್ದುವು. ಆದರೆ ಅವನು ಆಗಲೇ ಮನೆಯವಳ ಬಳೆಗಳನ್ನು ಅಡವಿಟ್ಟು ಅಚ್ಚಿನವರಿಗೆ ಮುಂಗಡ ಕೊಟ್ಟಿದ್ದನು. ಹುಡುಗನ ಉತ್ಸಾಹವನ್ನು ಮುರಿಯಬಾರದೆಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡು, ನಾಲ್ಕು ಪುಟಗಳ ಪ್ರಶಂಸೆಯನ್ನು ಬರೆದುಕೊಟ್ಟೆನು. ಪುಸ್ತಕವು ಹೊರಬಂದಿತು, ಬಹುಪಾಲು ಪ್ರತಿಗಳು ಕಟ್ಟು ಬಿಚ್ಚದೆಯೇ ಅವನ ಮನೆಯ ಅಟ್ಟವನ್ನು ಸೇರಿದುವು. ಕೆಲವು ವರ್ಷಗಳ ಮೇಲೆ ಜಾತ್ರೆಯೊಂದರಲ್ಲಿ ಸಿಕ್ಕಿದಾಗ, “ಈಗ ಏನು ಬರೆಯುತ್ತಿರುವೆಯಪ್ಪಾ?” ಎಂದು ಕೇಳಿದೆನು. “ತಾಯಿಯ ಸಂಗತಿಯನ್ನು ಮರೆತುಬಿಟ್ಟೆನೆಂದು ಅಚ್ಚಾದ ಮೇಲೆ ನನಗೆ ಗೊತ್ತಾಯಿತು. ತಮಗೆ ಆಗಲೇ ಕಂಡಿರಬೇಕಲ್ಲವೆ, ಮೇಷ್ಟ್ರೇ?” ಎಂದನು. ನಾನು ಉತ್ತರ ಕೊಡಲಾರದೆ ಹೋದೆನು. ಅವನು ಮತ್ತೆ ಲೇಖನಿಯನ್ನು ಹಿಡಿಯಲಿಲ್ಲ.

ಓದುಗರಲ್ಲಿ ನಾಲ್ಕು ಬಗೆಯವರಿರುವರೆಂದು ರಾಜಶೇಖರನೇ ಹೇಳುವನು. ಯಾವುದೂ ರುಚಿಸದವನು ಅರೋಚಕಿ, ಅಕ್ಕಿಯನ್ನೂ ಹುಲ್ಲನ್ನೂ ಕೂಡಿಯೇ ನುಂಗುವವನು ಸತೃಣಾಭ್ಯವಹಾರಿ, ಅಸೂಯೆಯುಳ್ಳವನು ಮತ್ಸರಿ, ತಿರುಳನ್ನು ಅರಸುವವನು ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರಕ್ಕೊಬ್ಬನು. ನಾನಾದರೋ ಹುಲ್ಲನ್ನು ಹುಲ್ಲೆಂದು ತಿಳಿದೂ ಅಕ್ಕಿಯೆಂದು ಹೊಗಳಿದೆನು. ಮತ್ಸರಿಯು ಮಾಡುವ ಕೇಡಿಗಿಂತಲೂ ಇದು ದೊಡ್ಡದು. ಏಕೆಂದರೆ ಮತ್ಸರಿಯ ಮಾತನ್ನು ಗ್ರಂಥಕರ್ತನು ನಂಬುವುದಿಲ್ಲ, ಗುರುವಿನ ಮಾತನ್ನು ನಂಬುವನು.

ಇಲ್ಲಿ ತರುಣರು ಒಂದು ಆಕ್ಷೇಪವನ್ನು ತರುವುದುಂಟು. ಬರೆದ ಪದವನ್ನು ಒರಸಿ ತಿದ್ದುವ ಅಗತ್ಯವೇ ತನಗಿಲ್ಲವೆಂದು ಕುಮಾರವ್ಯಾಸನು ಹೆಮ್ಮೆಪಟ್ಟಿರುವನಲ್ಲವೆ? ಪಂಪನು ವಿಕ್ರಮಾರ್ಜುನವಿಜಯವನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಮುಗಿಸಲಿಲ್ಲವೆ? ನಿಜ. ಆದರೆ ಪಂಪನ ಆ ತಿಂಗಳುಗಳ ಹಿಂದೆ ಎಷ್ಟು ವರ್ಷಗಳ ವ್ಯಾಸಂಗವಿದ್ದಿರಬೇಕೆಂಬುದನ್ನು ಅವನ ಒಂದೊಂದು ಪದ್ಯವೂ ಸಾರುವುದು. ನಾವು ಹಾಳೆಯ ಮೇಲೆ ಮಾಡಬೇಕಾದ ಕೆಲಸವನ್ನು ಅಂತಹವರು ಮನಸ್ಸಿನಲ್ಲಿಯೇ ಮುಗಿಸಿರುವರು. ಅವರ ಶೀಘ್ರತೆಯನ್ನು ಅನುಕರಿಸುವುದಕ್ಕೆ ಮೊದಲು ಅವರ ಸಿದ್ಧತೆಯನ್ನು ಅನುಕರಿಸಬೇಕು.

ತಿದ್ದುವುದಕ್ಕೂ ಒಂದು ಮೇರೆಯುಂಟು. ಮನಸ್ಸು ತೂಗಾಡುತ್ತಿರುವವರೆಗೆ ಪದವನ್ನು ಇಡುವುದೂ ತೆಗೆಯುವುದೂ ನಡೆದೇ ಇರುವುದು. ಒಂದರ ಬದಲಿಗೆ ಮತ್ತೊಂದನ್ನು ಸಹಿಸದಂತಹ ಸ್ಥಿತಿಗೆ ಪದಗಳು ಬಂದರೆ ಅದೇ ಶಬ್ದಪಾಕವೆಂದು ವಾಮನನ ಮತ. ರಾಜಶೇಖರನ ಪತ್ನಿಯಾದ ಅವಂತಿಸುಂದರಿಯಾದರೋ ಇದು ಪಾಕವಲ್ಲ, ಅಶಕ್ತಿಯೆಂದಳು. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಅನೇಕ ಪಾಠಗಳಿದ್ದು, ಎಲ್ಲವೂ ಪಕ್ವವಾಗಿಯೇ ಇರುವುವೆಂಬುದು ಅವಳ ವಾದ. ನನಗೆ ಇಬ್ಬರ ಮಾತೂ ಬೇಕಾಗಿವೆ. ವಾಮನನನ್ನು ಮರೆತವನು ಹಸಿಯನ್ನು ಬಡಿಸುವನು. ಅವಂತಿಸುಂದರಿಯನ್ನು ಮರೆತವನು ಒಲೆಯ ಮೇಲಿಂದ ಪಾತ್ರೆಯನ್ನು ಇಳಿಸುವುದೇ ಇಲ್ಲ. ತಿದ್ದಿದ ಮೇಲೆ ವಾಕ್ಯವು ಬೇರೆಯಾಗಿ ಮಾತ್ರ ಕಂಡು, ಮೇಲಾಗಿ ಕಾಣದಿದ್ದರೆ ಅಲ್ಲಿ ಕೈ ತೆಗೆಯತಕ್ಕದ್ದು.

ಇನ್ನು ಅಚ್ಚಾದ ಮಾತ್ರಕ್ಕೆ ಕರ್ತವ್ಯವು ತೀರಿತೆಂದೂ ಅಲ್ಲ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾಗಿ, 1924ರಲ್ಲಿ ಪರಿಷ್ಕೃತವಾಗಿ ಮತ್ತೆ ಹೊರಬಂದಿತು. ತಮ್ಮ ಗ್ರಂಥವನ್ನು ತಾವೇ ತಿದ್ದಿದುದರಿಂದ ಆ ವಿದ್ವಾಂಸರ ಕೀರ್ತಿಯು ಕುಗ್ಗಲಿಲ್ಲ.

ಆದುದರಿಂದ ಹೊಸ ಗ್ರಂಥಕರ್ತರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ಬರೆದುದನ್ನು ಒಂದು ತಿಂಗಳು ಪೆಟ್ಟಿಗೆಯಲ್ಲಿಡಿರಿ. ಬಳಿಕ ಗಟ್ಟಿಯಾಗಿ ಓದಿರಿ. ನಾಲಗೆ ತಡವರಿಸುವ ಎಡೆಯಲ್ಲಿ ವಾಕ್ಯವು ಕುಂಟುತ್ತಿರುವುದು. ಮೇಲಿನ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಂದು ಅಧ್ಯಾಯಕ್ಕೂ ಹಾಕಿರಿ. ಆಮೇಲೆ ಮುನ್ನುಡಿ ಬರೆಯುವವರನ್ನಲ್ಲ, ತಪ್ಪು ಹೇಳುವವರನ್ನು ಹುಡುಕಿರಿ. ಮುಂಗಡವನ್ನು ಅವರು ಓದಿದ ಮೇಲೆಯೇ ಕೊಡಿರಿ. ನನ್ನಂತಹ ಹಿರಿಯರಲ್ಲಿಯೂ ಒಂದು ಮಾತು: ಮುನ್ನುಡಿಯನ್ನು ಕೇಳಿದವನಿಗೆ ಮೊದಲು ತಪ್ಪುಗಳ ಪಟ್ಟಿಯನ್ನು ಕೊಡೋಣ. ಅವನು ಆ ದಿನ ಮುಖ ಸಣ್ಣದು ಮಾಡಿಕೊಂಡು ಹೋದರೂ ಹೋಗಲಿ. ಜಾತ್ರೆಯಲ್ಲಿ ಸಿಕ್ಕಿದಾಗ ನಾವು ಅವನ ಮುಖವನ್ನು ನೋಡಬಲ್ಲೆವು.